ಮುಖಪುಟದ ಮನುಷ್ಯ

ಮಿಜೋರಾಮಿನ ಚಂಫಾಯಿಯಲ್ಲಿ ಹ್ರಾಂಗ್‌ಖುಮಾ ಎರಡು ಹಾಳೆಯ ದಿನಪತ್ರಿಕೆ ನಡೆಸುತ್ತಿದ್ದ. ಗಡಿಯಾಚೆ ಬರ್ಮಾದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಜನ ತಿಯಾವು ಹೊಳೆ ದಾಟಿ ಬಂದಾಗ, ಮೊದಮೊದಲು 'ನಮ್ಮ ರಕ್ತಸಂಬಂಧಿಗಳು' ಎಂದು ಕಣ್ಣೀರು ತುಂಬಿ ಬರೆದ. ವರ್ಷ ಕಳೆಯಿತು, ಕಣ್ಣೀರು ಆರಿತು. 'ಮಾದಕ ಮಾತ್ರೆ ತರುವವರು' ಎಂದು ತಲೆಬರಹ ಕೊಟ್ಟು, ನಿರಾಶ್ರಿತರ ಶಿಬಿರದಲ್ಲಿ ನೀರಿಗೆ ಸಾಲಿನಲ್ಲಿ ನಿಂತಿದ್ದ ಯಾರದೋ ಫೋಟೋವನ್ನು ಮುಖಪುಟಕ್ಕೆ ಒಗೆದ. ಅವನ ಹೆಸರು ಕೇಳುವ ಗೋಜಿಗೂ ಹೋಗಲಿಲ್ಲ.

ಆ ವಾರವೇ ಹ್ರಾಂಗ್‌ಖುಮಾನ ತಾಯಿ ತೀರಿಕೊಂಡರು. ಅಲ್ಲಿ ಗುಂಡಿ ತೋಡುವುದಕ್ಕೆ ಕೂಲಿಯವರಿಲ್ಲ. ಸಾವು ಯಾರ ಮನೆಯದಾದರೂ ಕೇರಿಯ ಹುಡುಗರೇ ಗುದ್ದಲಿ ಹಿಡಿದು ಬರಬೇಕು. ಅವರಿಗೆಂದು ಚಹಾ ಹೊತ್ತು ಸ್ಮಶಾನಕ್ಕೆ ಹೋದ ಹ್ರಾಂಗ್‌ಖುಮಾ ಗುಂಡಿಯೊಳಗೆ ಬಗ್ಗಿ ನೋಡಿದವನೇ ಬೆಚ್ಚಿಬಿದ್ದ. ಎದೆಯುದ್ದ ಆಳದಲ್ಲಿ ಮಣ್ಣೆತ್ತಿ ಹಾಕುತ್ತಿದ್ದವನು ಮುಖಪುಟದ ಅದೇ ಮನುಷ್ಯ!

"ನೀ... ನೀನ್ಯಾಕೆ ಬಂದೆ?"

ಅವನು ಬೆವರು ಒರೆಸಿಕೊಂಡ. "ಶಿಬಿರ ಇರೋದು ನಿಮ್ಮ ಕೇರೀಲೇ ಅಲ್ವಾ ಅಣ್ಣ? ಹುಡುಗರೆಲ್ಲ ಹೊರಟ್ರು, ನಾನೂ ಬಂದೆ. ನಿಮ್ಮ ಪೇಪರ್ ಬಂದಮೇಲೆ ನಂಗೆ ಯಾರೂ ಕೆಲಸ ಕೊಡ್ತಿಲ್ಲ. ಹೇಗೂ ಬಿಡುವಾಗೇ ಇದ್ದೀನಿ."