ಏಕಾಂತಪ್ಪನವರ ಇಪ್ಪತ್ಮೂರು ರಾಜೀನಾಮೆಗಳು
ಭೂಮಾಪನ ಇಲಾಖೆಯಿಂದ ನಿವೃತ್ತರಾದ ಭದ್ರಾವತಿಯ ಏಕಾಂತಪ್ಪನವರು ಒಂಬತ್ತು ವರ್ಷ ಒಬ್ಬರೇ ನಾಲೆಯಲ್ಲಿ ಈಜಿ, ಸೈಕಲ್ ತುಳಿದು, ಓಡಿ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಶಿವಮೊಗ್ಗದ ಟ್ರಯಥ್ಲಾನ್ ಕ್ಲಬ್ಬಿಗೆ ಸೇರಿದ್ದು ಕ್ಲಬ್ಬಿನ ಭಾಗ್ಯವೋ ಗ್ರಹಚಾರವೋ ಇನ್ನೂ ತೀರ್ಮಾನವಾಗಿಲ್ಲ. ಐದೂವರೆಯೆಂದರೆ ಐದೂ ಇಪ್ಪತ್ತೊಂಬತ್ತಕ್ಕೆ ಹಾಜರಾಗುವ ಅವರ ಕಣ್ಣಿಗೆ, ಆರಕ್ಕೆ ಆಕಳಿಸುತ್ತ ಬಂದು ಮೊದಲು ಫೋಟೊ ತೆಗೆಸಿಕೊಳ್ಳುವ ಸದಸ್ಯರು ಮದುವೆಗೆ ಬಂದ ಬೀಗರಂತೆ ಕಾಣುತ್ತಾರೆ. ಸವಳಂಗ ರಸ್ತೆಯ ಐದು ಕಿಲೋಮೀಟರ್ ಓಟದ ದಾರಿಯನ್ನು ಅವರು ಸರಪಳಿ ಹಿಡಿದು ಅಳೆದು, ನೂರ ಎಪ್ಪತ್ತು ಮೀಟರ್ ಕಡಿಮೆಯಿದೆಯೆಂದು ಸಾರಿದ್ದಾರೆ. ಆ ಕೊರತೆಯನ್ನು ಪ್ರತಿ ಭಾನುವಾರ ದೋಸೆ ಹೋಟೆಲಿನ ಸುತ್ತ ಒಬ್ಬರೇ ಓಡಿ ತುಂಬಿಸುತ್ತಾರೆ. "ಬನ್ನಿ ಸಾರ್, ದೋಸೆ ತಣ್ಣಗಾಗ್ತದೆ," ಎಂದು ಕ್ಲಬ್ಬಿನ ನಾಯಕಿ ಕವನಾ ಕರೆದರೆ, "ತಣ್ಣಗಾದ ದೋಸೆ ತಿನ್ನಬಹುದು ಮಾರಾಯ್ತಿ, ಸುಳ್ಳು ದೂರ ಓಡಕ್ಕಾಗಲ್ಲ. ಮುಂದಿನ ವಾರದಿಂದ ನಾನು ಬರೋದಿಲ್ಲ," ಎನ್ನುತ್ತಾರೆ. ಈ ರಾಜೀನಾಮೆ ಇದುವರೆಗೆ ಇಪ್ಪತ್ಮೂರು ಸಲ ಘೋಷಣೆಯಾಗಿದೆ. ಮೊನ್ನೆ ಕೆರೆಯಲ್ಲಿ ಈಜಲು ಇಳಿಯುವಾಗ ರುದ್ರೇಶ್ ಎಂಬ ಸದಸ್ಯ ತಾಳ್ಮೆಗೆಟ್ಟು, "ನಮ್ದೆಲ್ಲ ತಪ್ಪೇ ಆದ್ರೆ ಮೊದಲಿನ ಹಾಗೆ ನಾಲೇಲಿ ಒಬ್ರೇ ಈಜ್ಕೊಂಡಿರಿ ಸಾರ್," ಎಂದುಬಿಟ್ಟ. ಏಕಾಂತಪ್ಪನವರು ಕೋಪಿಸಿಕೊಳ್ಳಲಿಲ್ಲ. ಆ ಒಂಬತ್ತು ವರ್ಷವೂ ನೀರಿಗಿಳಿಯುವ ಮುನ್ನ ಮಡಿಸಿಟ್ಟ ಬಟ್ಟೆಯ ಮೇಲೆ ಒಂದು ಚೀಟಿಯನ್ನಿಟ್ಟು, ಹಾರದಂತೆ ಮೇಲೊಂದು ಕಲ್ಲಿಡುತ್ತಿದ್ದುದಾಗಿ ತಿಳಿಸಿದರು. ಅದರಲ್ಲಿ ಹೆಸರು, ವಿಳಾಸ, ಶವ ಸಿಕ್ಕರೆ ಫೋನ್ ಮಾಡಬೇಕಾದ ನಂಬರು ಇರುತ್ತಿತ್ತಂತೆ. "ಈಗ ಚೀಟಿ ಎಲ್ಲಿ ಸಾರ್?" ಎಂದ ರುದ್ರೇಶ್, ದನಿ ತಗ್ಗಿಸಿ. "ಬರಿಯೋದು ಬಿಟ್ಟಿದೀನಿ," ಎಂದರು ಅವರು, ಕನ್ನಡಕ ಕಳಚಿ ಅವನ ಕೈಗಿಡುತ್ತ. "ಕವನಾ ದಡದಲ್ಲಿ ನಿಂತು ತಲೆ ಎಣಿಸ್ತಾಳೆ. ಅದೊಂದು ಲೆಕ್ಕ ನಿಮ್ಮ ಕ್ಲಬ್ಬಲ್ಲಿ ಸರಿಯಾಗಿದೆ."