ಹಣ್ಣಿನ ಹರಿವಾಣಕ್ಕೆ ಬೆಲ್ಟಿತ್ತು

ಕಾರಿನ ಹಿಂದಿನ ಸೀಟಿನಲ್ಲಿ ಕೂತವರೂ ಬೆಲ್ಟ್ ಹಾಕಬೇಕು. ಇದು ನಿನ್ನೆ ಮೊನ್ನೆಯ ಕಾನೂನಲ್ಲ. ಹಾಕದಿದ್ದರೆ ದಂಡ ಕಟ್ಟಬೇಕು. ಅಪಘಾತವಾಗಿ ಪರಿಹಾರ ಕೇಳಲು ಹೋದರೆ, ಹಾಕದ ಬೆಲ್ಟನ್ನೇ ನಿಮ್ಮ ಮುಖಕ್ಕೆ ಹಿಡಿಯುತ್ತಾರೆ. ಸುಭದ್ರಮ್ಮನವರಿಗೆ ಹಿಡಿದದ್ದು ಹೀಗೆ.

ಸುಭದ್ರಮ್ಮ ದೇವದುರ್ಗದ ಕಡೆಯವರು. ಬೆಂಗಳೂರಿನ ಮರ್ಫಿ ಟೌನಿನಲ್ಲಿ ಬಾಡಿಗೆ ಕೋಣೆ, ದೊಮ್ಮಲೂರಿನ ಮುನಿಶಾಮಮ್ಮನವರ ಮನೆಯಲ್ಲಿ ಅಡುಗೆ. ಜೋಳದ ರೊಟ್ಟಿ ತಟ್ಟುತ್ತಿದ್ದ ಕೈ ಅಲ್ಲಿ ರಾಗಿಮುದ್ದೆ ತೊಳಸಲು ಕಲಿಯಿತು. ಆ ಕೈಯೇ ಅವರ ಸಂಸಾರದ ಅನ್ನ.

ಆ ಮನೆಯ ಮಗ ನಿತೀಶ್ ಹೊಸ ಕಾರು ತಂದಾಗ, ಮುನಿಶಾಮಮ್ಮ ಹಿಂದಿನ ಸೀಟಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತರು. ಬೆಲ್ಟ್ ಸಿಕ್ಕಿಸುವ ಕೊಂಡಿಗಳು ತೊಡೆಗೆ ಒತ್ತಿದವು.

“ಏನೋ ಇದು, ಚುಚ್ತದಲ್ಲೋ! ಲಕ್ಷ ಲಕ್ಷ ಸುರ್ದು ಮುಳ್ಳಿನ್ ಮೇಲೆ ಕೂರಿಸ್ತೀಯಾ?”

ಸೀಟ್ ಕವರ್ ಹಾಕಿಸುವಾಗ ನಿತೀಶ್ ಕೊಂಡಿಗಳನ್ನು ಅದರ ಕೆಳಗೆ ಸೇರಿಸಿ ಮುಚ್ಚಿಸಿದ. ಸೀಟು ದಿವಾನದಂತೆ ನುಣ್ಣಗಾಯಿತು. ನೆಂಟರೆಲ್ಲ ಹೊಗಳಿದರು.

ಕೆ.ಆರ್. ಪುರದಲ್ಲಿ ಗೃಹಪ್ರವೇಶವಿದ್ದ ದಿನ ನಿತೀಶನ ಹೆಂಡತಿ ಭವ್ಯ ಕಾರು ಓಡಿಸುತ್ತಿದ್ದರು. ಪಕ್ಕದ ಸೀಟಿನಲ್ಲಿ ಹಣ್ಣು ತುಂಬಿದ ಹಿತ್ತಾಳೆ ಹರಿವಾಣ. ಅದರ ಭಾರಕ್ಕೆ, ಯಾರೋ ಬೆಲ್ಟಿಲ್ಲದೆ ಕೂತಿದ್ದಾರೆಂದುಕೊಂಡು ಕಾರು ಕುಂಯ್‌ಗುಟ್ಟತೊಡಗಿತು. ಭವ್ಯ ಹರಿವಾಣಕ್ಕೆ ಬೆಲ್ಟ್ ಬಿಗಿದರು. ಹಿಂದೆ ಕೂತ ಸುಭದ್ರಮ್ಮ ಬೆಲ್ಟಿನ ಪಟ್ಟಿ ಎಳೆದು, ಕೊಂಡಿಗಾಗಿ ತಡಕಾಡಿ, ಸಿಗದೆ ಬಿಟ್ಟರು. ಅವರ ಪರವಾಗಿ ಯಾವ ಕಾರೂ ಕುಂಯ್‌ಗುಟ್ಟಲಿಲ್ಲ.

ಹಳೆ ಮದ್ರಾಸ್ ರಸ್ತೆಯಲ್ಲಿ ನೀರಿನ ಟ್ಯಾಂಕರೊಂದು ಅಡ್ಡ ನುಗ್ಗಿತು. ಹರಿವಾಣ ಕೂತಲ್ಲೇ ಕೂತಿತ್ತು. ಸುಭದ್ರಮ್ಮ ಮುಂದಿನ ಸೀಟಿಗೆ ಅಪ್ಪಳಿಸಿದರು. ಬಲ ಭುಜ ಪುಡಿಯಾಯಿತು.

ಪರಿಹಾರದ ಕೇಸಿನಲ್ಲಿ ಟ್ಯಾಂಕರಿನ ವಿಮಾ ಕಂಪನಿಯ ವಕೀಲರು ಕೇಳಿದರು: “ಬೆಲ್ಟ್ ಹಾಕಿರ್ಲಿಲ್ಲ ಅಲ್ವೇನಮ್ಮಾ? ಹಾಗಾದ್ರೆ ತಪ್ಪಲ್ಲಿ ನಿಮ್ದೂ ಪಾಲಿದೆ.”

“ಹಾಕ್ಕೋಬೇಕಂತ ಹುಡುಕಿದ್ನಿರೀ. ಕೊಂಡಿ ಸಿಗಲಿಲ್ಲ. ಸೀಟಿನ ಬಟ್ಟಿ ಕೆಳಗ ಸೇರಿತ್ರೀ.”

ವಕೀಲರು ಕಾರಿನ ಫೋಟೋ ಚಾಚಿದರು. “ಇಲ್ಲಿ ಫಳಫಳ ಹೊಳೀತಿದೆಯಲ್ಲಮ್ಮ ಕೊಂಡಿ?”

ಹೊಳೆಯುತ್ತಿತ್ತು. ತಪ್ಪು ತಮ್ಮ ತಲೆಗೆ ಬಂದೀತೆಂದು, ಫೋಟೋ ತೆಗೆಯುವವರು ಬರುವ ಮೊದಲೇ ನಿತೀಶ್ ಕವರನ್ನು ಕಿತ್ತುಹಾಕಿಸಿದ್ದ. ಕೈಯ ಕಸುವು ಕಳೆದುಕೊಂಡ ಹೆಂಗಸು ಈಗ ಸುಳ್ಳುಗಾತಿಯೂ ಆದಳು. ಆ ದಿನ ಕಾರಿನಲ್ಲಿದ್ದು ಕವರಿನ ಸಂಗತಿ ಹೇಳಬಲ್ಲವರು ಇನ್ನೊಬ್ಬರೇ, ಭವ್ಯ.

ಭವ್ಯ ಸಾಕ್ಷಿ ಹೇಳಬೇಕಿದ್ದ ದಿನ, ಮೇಯೋ ಹಾಲಿನ ಕೋರ್ಟ್ ಪಡಸಾಲೆಯಲ್ಲಿ ನಿತೀಶ್ ಹೆಂಡತಿಯ ಕಿವಿಯಲ್ಲಿ ಹೇಳುತ್ತಿದ್ದ: “ನೆನಪಿಲ್ಲ ಅಂದ್ಬಿಡು, ಅಷ್ಟೇ. ಹರಿಶ್ಚಂದ್ರನ ಮೊಮ್ಮಗಳ ಥರ ಆಡ್ಬೇಡ.”

“ನಂಗೆ ನೆನಪಿದೆಯಲ್ಲ.”

“ಅದು ಕೋರ್ಟಿಗೆ ಗೊತ್ತಾ?”

ಅಷ್ಟರಲ್ಲಿ ಸುಭದ್ರಮ್ಮ ಹತ್ತಿರ ಬಂದರು. ಕೇಸಿನ ಮಾತೆತ್ತಲಿಲ್ಲ. “ಭವ್ಯಕ್ಕಾ, ಈ ಸೆರಗು ಒಂಚೂರು ಹೆಗಲಿಗೇರಿಸ್ರಿ. ಕೈ ಏಳವಲ್ದು.”

ಭವ್ಯ ಸೆರಗು ಏರಿಸಿದರು. ಜಾರದಂತೆ ಪಿನ್ನು ಚುಚ್ಚಿದರು. ಒಳಗಿನಿಂದ ಹೆಸರು ಕೂಗಿದರು.

“ಹಿಂದಿನ ಸೀಟಲ್ಲಿ ಬೆಲ್ಟ್ ಇತ್ತಾ?” ವಿಮಾ ಕಂಪನಿಯ ವಕೀಲರು ಕೇಳಿದರು.

“ಇತ್ತು.”

ನಿತೀಶ್ ಉಸಿರು ಬಿಟ್ಟ. ವಕೀಲರು ಕೂರಲು ಹೊರಟರು.

“ಹಾಕ್ಕೊಳಕ್ಕೆ ಆಗ್ತಿರ್ಲಿಲ್ಲ ಸರ್. ಕೊಂಡಿನ ಕವರ್ ಕೆಳಗೆ ನಾವೇ ಮುಚ್ಚಿಸಿದ್ವಿ. ಆಮೇಲೆ ಆ ಕವರನ್ನ ನಾವೇ ಕಿತ್ತಾಕಿದ್ವಿ.”

ನಿತೀಶ್ ಎದ್ದು ಹೊರಗೆ ನಡೆದ. ಸುಭದ್ರಮ್ಮ ಎಡಗೈಯಲ್ಲಿ ಕಣ್ಣೊರೆಸಿಕೊಂಡರು.

ತೀರ್ಪು ಇನ್ನೂ ಬಂದಿಲ್ಲ. ಬಂದರೂ ಆ ಭುಜ ಇನ್ನು ಮುದ್ದೆ ತೊಳಸುವುದಿಲ್ಲ. ಪೊಲೀಸರನ್ನು ಕಂಡೊಡನೆ ಎದೆಯ ಮೇಲೆ ಬೆಲ್ಟ್ ಎಳೆದುಕೊಳ್ಳುವ ನಾವು, ಹಿಂದೆ ಕೂತ ಜೀವಕ್ಕೆ ಏನು ಉಳಿಸಿದ್ದೇವೆ? ಓದಿದ್ದು ಸಾಕು, ಎದ್ದು ನಿಮ್ಮ ಕಾರಿನ ಬಳಿ ಹೋಗಿ. ಹಿಂದಿನ ಸೀಟಿನ ಕೊಂಡಿಗಳನ್ನು ಈಗಲೇ ಮೇಲೆ ತೆಗೆಯಿರಿ. ಕವರ್ ಅಡ್ಡ ಬಂದರೆ, ಹರಿಯಿರಿ.