ಪ್ರಭಾಕರ್ ಸರ್ ಹಾಕಿಕೊಟ್ಟ ಟೈಮ್‌ಟೇಬಲ್

ನಾನು ನಿಂತಿದ್ದದ್ದು ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪ್ ಮೇಜಿನ ಎಡಗಡೆ, ಕಿಟಕಿಗೆ ಬೆನ್ನು ಮಾಡಿ. ಅವತ್ತು ಸೋಮವಾರ. ಬೆಳಗಿನ ಹೊರರೋಗಿಗಳ ಸಾಲು ಇನ್ನೂ ಅರ್ಧವೂ ಕರಗಿರಲಿಲ್ಲ. ನನ್ನ ಕೈಯಲ್ಲಿ ವಾಂತಿ ಹಿಡಿಯುವ ಸ್ಟೀಲ್ ಟ್ರೇ ಇತ್ತು. ಎದುರಿನ ಸ್ಟೂಲಿನ ಮೇಲೆ ಬಾಗಲೂರಿನ ಮುನಿಯಮ್ಮ ಎಂಬ ವಯಸ್ಸಾದ ಹೆಂಗಸು ಕೂತಿದ್ದರು. ಅವರ ಬಲಗಣ್ಣು ಕೆಂಡದ ಹಾಗಿತ್ತು. ಪ್ರಭಾಕರ್ ಸರ್ ಆ ಕಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿ ಹಿಡಿದು ನಮ್ಮ ಕಡೆ ತಿರುಗಿದರು. "ಬನ್ನಿ, ಒಬ್ಬೊಬ್ಬರೇ ನೋಡ್ಕೊಳ್ಳಿ. ಇಂಥದ್ದು ಮತ್ತೆ ಸಿಗಲ್ಲ" ಅಂದರು.

ಆ ಹೆಬ್ಬೆರಳು ನನಗೆ ಚೆನ್ನಾಗಿ ಗೊತ್ತಿತ್ತು. ಪುಟ ತಿರುವುವ ಮೊದಲು ಅದನ್ನು ನಾಲಿಗೆಗೆ ಒತ್ತಿಕೊಳ್ಳುವುದು ಅವರ ಅಭ್ಯಾಸ. ನಮ್ಮ ಪುಸ್ತಕ ಇಸಿದುಕೊಂಡರೆ ಮೂಲೆಗಳೆಲ್ಲ ಒದ್ದೆಯಾಗಿ ವಾಪಸ್ ಬರುತ್ತಿತ್ತು. ಆಗ ನಾವು ನಗುತ್ತಿದ್ದೆವು. ಈಗ ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಆ ಬೆರಳೇ.

ಸರ್ ಕಳೆದ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳು ಒಂದು ನೆನಪಿನ ಪುಸ್ತಕ ತರುತ್ತಿದ್ದಾರೆ, ನನಗೂ ನಾಲ್ಕು ಮಾತು ಬರೆಯಲು ಹೇಳಿದ್ದಾರೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಹಾಕುತ್ತಿರುವುದು ಅವರು ಹಾಕಿಕೊಟ್ಟ ಟೈಮ್‌ಟೇಬಲ್‌ನ ಫೋಟೋಗಳನ್ನೇ. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಅದು ಸುಳ್ಳಲ್ಲ.

ಯಲಹಂಕದ ಆಚೆ, ಹೆಸರು ಬೇಡ, ಒಂದು ಆಸ್ಪತ್ರೆಯಲ್ಲಿ ನಾನು ಮೂರು ವರ್ಷ ಕಣ್ಣಿನ ವಿಭಾಗದಲ್ಲಿ ಸ್ನಾತಕೋತ್ತರ ಓದಿದೆ. ಹಗಲೆಲ್ಲ ರೋಗಿಗಳು, ಆಪರೇಷನ್, ವಾರ್ಡು. ಕೊನೆಯ ವರ್ಷದ ಪರೀಕ್ಷೆಗೆ ಓದಲು ಉಳಿಯುವುದು ಚೂರುಪಾರು ಹೊತ್ತು. ಆ ಚೂರುಗಳನ್ನು ಜೋಡಿಸಿಕೊಡುವುದು ಸರ್ ಕೆಲಸ. ಯಾರೂ ಅವರಿಗೆ ವಹಿಸಿದ್ದಲ್ಲ, ಅವರೇ ಹೊತ್ತುಕೊಂಡದ್ದು. ಹಳೆಯ ಗೋಡೆ ಕ್ಯಾಲೆಂಡರ್ ಹಾಳೆಗಳ ಬೆನ್ನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಿದ್ದರು. ಕಷ್ಟದ ವಿಷಯಕ್ಕೆ ಕೆಂಪು, ಸುಲಭದ್ದಕ್ಕೆ ನೀಲಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪರೀಕ್ಷಿಸಿ ತೋರಿಸಬೇಕಾದ ರೋಗಗಳಿಗೆ ಹಸಿರು.

ಟೈಮ್‌ಟೇಬಲ್ ಹಾಕುವ ಮೊದಲು ಅವರು ಪಾಠದ ಬಗ್ಗೆ ಕೇಳುತ್ತಿರಲಿಲ್ಲ. ಮನೆ ಎಲ್ಲಿ, ಬಸ್ಸೋ ಗಾಡಿಯೋ, ಊಟ ಆದ ಮೇಲೆ ನಿದ್ದೆ ಬರುತ್ತಾ, ಅಮ್ಮ ಜೊತೇಲಿದ್ದಾರಾ, ಇಂಥವನ್ನು ಕೇಳುತ್ತಿದ್ದರು. ನಾನು ಯಶವಂತಪುರದಿಂದ ಬಸ್ಸಿನಲ್ಲಿ, ಹೆಬ್ಬಾಳ ದಾಟಿ ಬರುವವನು ಅಂದಾಗ ಅವರ ಮುಖ ಅರಳಿತು. "ಹಂಗಾದ್ರೆ ನಿಂಗೆ ದಿನಾ ಒಂದು ಕ್ಲಾಸ್ ಫ್ರೀ ಕಣೋ. ಹೆಬ್ಬಾಳ ಫ್ಲೈಓವರ್ ಹತ್ತುವಾಗ ಗ್ಲಾಕೋಮಾ ಔಷಧಿಗಳ ಹೆಸರು ಶುರು ಮಾಡು. ಇಳಿಯೋಷ್ಟರಲ್ಲಿ ಮೂರು ರೌಂಡ್ ಆಗಿರುತ್ತೆ" ಅಂದರು. ಆಗಿರುತ್ತಿತ್ತು. ಇವತ್ತಿಗೂ ಆ ಫ್ಲೈಓವರ್ ಮೇಲೆ ಗಾಡಿ ನಿಂತರೆ ಔಷಧಿಗಳ ಹೆಸರು ತಾವಾಗಿ ಬಾಯಿಗೆ ಬರುತ್ತವೆ.

ಅವರ ಇನ್ನೊಂದು ಪದ್ಧತಿ ಪುಸ್ತಕ ಕುಯ್ಯುವುದು. ಇಟ್ಟಿಗೆಯಂಥ ನಮ್ಮ ಪಠ್ಯಪುಸ್ತಕವನ್ನು ಬೆನ್ನಿನ ಕಡೆಯಿಂದ ಆಪರೇಷನ್ ಬ್ಲೇಡಿನಲ್ಲಿ ಸೀಳಿ ರೆಪ್ಪೆ, ಪೊರೆ, ಅಕ್ಷಿಪಟಲ ಅಂತ ಕಟ್ಟು ಕಟ್ಟುತ್ತಿದ್ದರು. "ಪುಸ್ತಕ ನೋಡಿ ಹೆದರೋನು ಫೇಲ್ ಆಗ್ತಾನೆ. ಇದು ಈಗ ಪುಸ್ತಕ ಅಲ್ಲ, ಪಾಂಪ್ಲೆಟ್" ಅನ್ನುತ್ತಿದ್ದರು. ನನ್ನ ಜೊತೆ ಓದುತ್ತಿದ್ದ ಅಮ್ರೀನ್‌ಗೆ ಅವಳ ಅಬ್ಬಾ ಆ ಪುಸ್ತಕ ಕೊಡಿಸಿದ್ದರು. ಬ್ಲೇಡ್ ಇಳಿದಾಗ ಅವಳ ಕಣ್ಣಲ್ಲಿ ನೀರು ಬಂತು. ಸರ್ ಕಟ್ಟುಗಳನ್ನು ಅವಳ ಕೈಗಿಟ್ಟು, ರಂಜಾನ್ ತಿಂಗಳ ಪೂರ್ತಿ ನೀಲಿ ಬಣ್ಣದ ವಿಷಯಗಳನ್ನೇ ಹಾಕಿದ್ದನ್ನು ತೋರಿಸಿದರು. ಕೇಳದೆ ಹಾಕಿದ್ದರು. ಅವಳು ಆ ತಿಂಗಳು ಆರ್.ಟಿ. ನಗರದಿಂದ ಬರುವ ಬಸ್ಸಿನಲ್ಲಿ ಒಂದೊಂದೇ ಕಟ್ಟು ಮುಗಿಸಿದಳು. ಇದನ್ನೂ ನಾನು ಬರೆಯಬೇಕು. ಬರೆಯದಿದ್ದರೆ ಉಳಿದದ್ದು ಯಾರಿಗೂ ನಂಬಿಕೆ ಬರುವುದಿಲ್ಲ, ಇಂಥವರು ಅಂಥದ್ದು ಮಾಡುತ್ತಾರಾ ಅನ್ನಿಸುತ್ತದೆ.

ಇನ್ನು ಹಸಿರು ಬಣ್ಣದ ವಿಷಯ. ಪ್ರಾಕ್ಟಿಕಲ್ ಪರೀಕ್ಷೆಗೆ ನಿಜವಾದ ರೋಗಿಗಳು ಬೇಕು. ಚೀಟಿ ಎತ್ತಿ, ಬಂದ ರೋಗಿಯನ್ನು ಪರೀಕ್ಷಿಸಿ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ವಿವರಿಸಬೇಕು. ನಮ್ಮ ಮಾತಿನಲ್ಲಿ ಅವರು 'ಕೇಸು'ಗಳು. ಆ ರೋಗಿಗಳನ್ನು ಹುಡುಕಿ, ಒಪ್ಪಿಸಿ, ಆ ದಿನಕ್ಕೆ ಕರೆಸುವುದೂ ಸರ್ ಜವಾಬ್ದಾರಿ. ಎಲ್ಲ ಕಡೆ ಇರುವ ಪದ್ಧತಿಯೇ. ವಾಸಿಯಾಗದ ಹಳೆಯ ಕಲೆ, ಮೆಳ್ಳೆಗಣ್ಣು, ಇಳಿಬಿದ್ದ ರೆಪ್ಪೆ ಇರುವವರು ಬಂದು ಕೂತು, ಊಟ ಮಾಡಿ ಹೋಗುತ್ತಾರೆ. ಯಾರಿಗೂ ನಷ್ಟವಿಲ್ಲ.

ಮುನಿಯಮ್ಮ ಮೊದಲ ಸಲ ಬಂದದ್ದು ಅವರೆಕಾಯಿ ಕಾಲದಲ್ಲಿ. ಎಡಗಣ್ಣು ಹಿಂದೆ ಯಾವುದೋ ಶಿಬಿರದಲ್ಲಿ ಆಪರೇಷನ್ ಆಗಿ, ಮಂಜು ಮಂಜಾಗಿ ದಾರಿ ಕಾಣುವಷ್ಟಿತ್ತು. ಬಲಗಣ್ಣಿನಲ್ಲಿ ಪೊರೆ ಬಲಿತು ದಾಟಿಹೋಗಿತ್ತು. ಹೊರಗಿನ ಭಾಗ ಹಾಲಿನಂತೆ ಕರಗಿ, ನಡುವಿನ ಕಂದು ಗಟ್ಟಿ ಭಾಗ ತಳಕ್ಕೆ ಇಳಿದಿತ್ತು. ಅವರು ತಲೆ ಅಲ್ಲಾಡಿಸಿದರೆ ಅದೂ ಒಳಗೆ ಅಲ್ಲಾಡುತ್ತಿತ್ತು. ಈಗ ಜನ ಬೇಗ ಆಪರೇಷನ್ ಮಾಡಿಸಿಕೊಳ್ಳುವುದರಿಂದ ಇಂಥ ಪೊರೆ ಕಾಣುವುದು ಅಪರೂಪ. ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ತಡ ಮಾಡಿದರೆ ಆ ಹಾಲು ಸೋರಿ ಕಣ್ಣಿನ ಒಳಗಿನ ಒತ್ತಡ ಏರುತ್ತದೆ, ನೋಟದ ನರ ಸಾಯುತ್ತದೆ ಎಂದೂ ಅದೇ ಪುಟದಲ್ಲಿತ್ತು.

ಈ ವಾರದ ಆಪರೇಷನ್ ಪಟ್ಟಿಗೆ ಸೇರಿಸಲೇ ಎಂದು ಸರ್ ಅವರನ್ನು ಕೇಳಿದೆ. ಅವರು ಸ್ಲಿಟ್ ಲ್ಯಾಂಪಿನಿಂದ ಮುಖ ಎತ್ತಲಿಲ್ಲ.

"ಒಳ್ಳೇ ಕೇಸನ್ನ ಯಾರಾದ್ರೂ ಹಾಳ್ ಮಾಡ್ತಾರೇನೋ?"

ಹಾಳು ಮಾಡುವುದು ಎಂದರೆ ಆಪರೇಷನ್ ಮಾಡುವುದು. ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಅವರು ಮುನಿಯಮ್ಮನ ಕಡೆ ಕುರ್ಚಿ ಎಳೆದುಕೊಂಡಿದ್ದರು. ಹಳೆಯ ಕಾಲದಲ್ಲಿ ಪೊರೆ ಪೂರ್ತಿ ಬಲಿಯುವ ತನಕ ಕಾಯುತ್ತಿದ್ದರು. ಈಗ ಕಾಯಬೇಕಿಲ್ಲ. ಕಾಯಬೇಡಿ ಎಂದು ಹಳ್ಳಿ ಹಳ್ಳಿಗೆ ಹೋಗಿ ಹೇಳುವುದೇ ನಮ್ಮ ಶಿಬಿರಗಳ ಅರ್ಧ ಕೆಲಸ. ಸರ್ ಅವರೇ ಹುಣಸಮಾರನಹಳ್ಳಿಯ ಶಿಬಿರದಲ್ಲಿ ಮೈಕ್ ಹಿಡಿದು ಅದನ್ನು ಹೇಳಿದ್ದು ನಾನು ಕೇಳಿದ್ದೆ. ಅದೇ ಬಾಯಿಂದ ಈಗ, "ಅಜ್ಜೀ, ಹಲಸಿನಹಣ್ಣನ್ನ ಎಳೇದಿರುವಾಗಲೇ ಕುಯ್ತೀಯಾ? ಇದೂ ಹಂಗೇ. ಚೆನ್ನಾಗಿ ಹಣ್ಣಾಗ್ಲಿ. ನಾನೇ ಫೋನ್ ಮಾಡಿ ಕರೀತೀನಿ" ಅಂದರು.

"ಅಣ್ಣಾಗ್ಲಿ ಬುಡಪ್ಪಾ" ಅಂದರು ಮುನಿಯಮ್ಮ. "ಇಷ್ಟ್ ದಿನ ಕಾದೋಳು ಇನ್ನಷ್ಟ್ ದಿನ ಕಾಯ್ತೀನಿ."

ಮುಂದಿನ ವಾರ ಅವರ ಸೊಸೆ ಒಂದು ಚೀಲ ಹಿತಕಿದ ಅವರೆಬೇಳೆ ತಂದುಕೊಟ್ಟಳು. ಅತ್ತೆ ಕೈತಡವಿಕೆಯಲ್ಲೇ ಹಿತುಕಿದ್ದಂತೆ, ಡಾಕ್ಟರಪ್ಪನಿಗೆ ಅಂತ. ಸರ್ ಅದನ್ನು ಮನೆಗೆ ಒಯ್ದರು. ಮರುದಿನ ಸಾರು ಬಹಳ ಚೆನ್ನಾಗಿತ್ತು ಎಂದು ನಮಗೆಲ್ಲ ಹೇಳಿದರು. ನನ್ನ ಟೈಮ್‌ಟೇಬಲ್‌ನಲ್ಲಿ ಪರೀಕ್ಷೆಯ ವಾರದ ಚೌಕದೊಳಗೆ ಹಸಿರು ಶಾಯಿಯಲ್ಲಿ ಬರೆದಿದ್ದರು: ಮುನಿಯಮ್ಮ, ಬಲಗಣ್ಣು. ಅಮ್ರೀನ್ ಅದನ್ನು ನೋಡಿ, ಇವರ ಹೆಸರು ಇಲ್ಲೇಕೆ, ಆಪರೇಷನ್ ಪಟ್ಟಿಯಲ್ಲಲ್ಲವೇ ಇರಬೇಕಾದದ್ದು ಎಂದು ಸರ್ ಅವರನ್ನೇ ಕೇಳಿದಳು. ಪರೀಕ್ಷೆಯ ಮರುದಿನ ಮೊದಲ ಆಪರೇಷನ್ ಅವರದೇ, ನಾನೇ ಮಾಡುತ್ತೇನೆ ಎಂದು ಸರ್ ಭರವಸೆ ಕೊಟ್ಟರು. ಅವರ ಕೈ ಒಳ್ಳೆಯ ಕೈ. ಮಾಡಿದ್ದರೆ ಚೆನ್ನಾಗಿಯೇ ಮಾಡುತ್ತಿದ್ದರು.

ಆಮೇಲೆ ವಿಶ್ವವಿದ್ಯಾಲಯ ಪರೀಕ್ಷೆಯನ್ನು ಮುಂದೂಡಿತು. ನಮ್ಮ ಗೋಳು ಹೇಳತೀರದು. ಕಟ್ಟಿದ ಲೆಕ್ಕವೆಲ್ಲ ಅಸ್ತವ್ಯಸ್ತ. ಸರ್ ಮಾತ್ರ ಹೊಸ ಕ್ಯಾಲೆಂಡರ್ ಹಾಳೆ ತಿರುಗಿಸಿ ಶಾಂತವಾಗಿ ಮತ್ತೆ ಗೆರೆ ಎಳೆದರು. "ಡೇಟ್ ಹೋದ್ರೆ ಹೋಗ್ಲಿ ಮಗಾ, ಓದಿದ್ದು ಎಲ್ಲೋಗುತ್ತೆ?" ಅಂದರು. ಎಲ್ಲರ ವಿಷಯಗಳೂ ಹೊಸ ಚೌಕಗಳಿಗೆ ಸರಿದವು. ಹಸಿರು ಹೆಸರೂ ಸರಿಯಿತು. ಬಾಗಲೂರಿಗೆ ಫೋನ್ ಹೋಯಿತು. ನಾನು ಪಕ್ಕದಲ್ಲಿದ್ದೆ. ಬೇರೆ ಆಸ್ಪತ್ರೆಗೆ ಹೋಗಬೇಡಿ, ಇನ್ನೂ ಹಣ್ಣಾಗಬೇಕು ಎಂದು ಅವರು ಸೊಸೆಗೆ ಹೇಳುತ್ತಿದ್ದರು. ಫೋನ್ ಇಟ್ಟ ಮೇಲೆ ಕೇಳಿದೆ, ಸರ್, ಸೋರಿದರೆ? ನನ್ನ ಬೆನ್ನು ತಟ್ಟಿ, ನೀನು ಪೊರೆಯ ಕಟ್ಟು ಚೆನ್ನಾಗಿ ಓದಿದ್ದೀಯ ಅಂದರು.

ಸೋರಿತು. ಬೇಸಿಗೆಯ ಆ ಸೋಮವಾರ ಸೊಸೆ ಆಟೋದಲ್ಲಿ ಅವರನ್ನು ಕರೆತಂದಳು. ನೋವು ಶುರುವಾಗಿ ಎಷ್ಟು ದಿನವಾಯಿತು ಎಂದು ಕೇಳಿದೆ. ವಾರದ ಮೇಲಾಯಿತು ಎಂದಳು. ಯಾಕೆ ಬರಲಿಲ್ಲ ಅಂದಾಗ ಉತ್ತರ ಕೊಟ್ಟವರು ಮುನಿಯಮ್ಮ. ಒಂದು ಕೈಯಲ್ಲಿ ತಲೆ ಹಿಡಿದುಕೊಂಡಿದ್ದರು.

"ಅಣ್ಣಾಗ್ತಾ ಅದೆ ಅಂದ್ಕೊಂಡೆ ಕಣಪ್ಪಾ. ಅಣ್ಣಾಗೋವಾಗ ಇಂಗೇ ನೋಯ್ತದೇನೋ ಅಂತ."

ಆಗಲೇ ಸರ್ ಬಂದು ರೆಪ್ಪೆ ಎತ್ತಿದ್ದು, ನಮ್ಮನ್ನೆಲ್ಲ ಕರೆದದ್ದು. ಇದು ಮೊದಲಿನದಕ್ಕಿಂತ ಒಳ್ಳೆಯ ಕೇಸು ಎಂದರು. ಒತ್ತಡ ಯಾಕೆ ಏರಿತು, ಸೋರಿದ ಹಾಲನ್ನು ತಿನ್ನಲು ಬಂದ ಕೋಶಗಳು ಎಲ್ಲಿ ಹೋಗಿ ಸಿಕ್ಕಿಕೊಂಡವು ಎಂದು ಮುನಿಯಮ್ಮನ ತಲೆಯ ಮೇಲಿಂದ ನಮಗೆ ಪ್ರಶ್ನೆ ಕೇಳತೊಡಗಿದರು. ಮುನಿಯಮ್ಮ ನನ್ನ ಕೈಯ ಟ್ರೇಗೆ ಬಾಗಿ ವಾಂತಿ ಮಾಡಿದರು. ಸರ್ ತಮ್ಮ ಬಿಳಿ ಶೂ ಒಂದಿಷ್ಟು ಹಿಂದಕ್ಕೆ ಸರಿಸಿ, ಅವರ ಬಾಯಿ ಒರೆಸುವವರೆಗೆ ತಾಳ್ಮೆಯಿಂದ ಕಾದು, ಮತ್ತೆ ರೆಪ್ಪೆ ಎತ್ತಿದರು. ನನಗೆ ಹೇಸಿಗೆಯಾದದ್ದು ಟ್ರೇಯಲ್ಲಿದ್ದುದರಿಂದಲ್ಲ.

ಅಮ್ರೀನ್ ಸಾಲಿನಿಂದ ಹೊರಗೆ ಬಂದಳು. "ಸಿಸ್ಟರ್, ಒತ್ತಡ ಇಳಿಸೋ ಡ್ರಿಪ್ ಹಾಕಿ. ಎಲ್ಲರೂ ನೋಡಿದ್ಮೇಲೆ ಅಲ್ಲ. ಈಗ."

"ಒಂದ್ನಿಮಿಷ ಕಣಮ್ಮಾ, ಇಬ್ಬರು ನೋಡೋದಿದೆ" ಅಂದರು ಸರ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಸ್ಟರ್ ಶೈಲಜಾ ಅಷ್ಟರಲ್ಲಿ ಮುನಿಯಮ್ಮನ ತೋಳಿಗೆ ಪಟ್ಟಿ ಬಿಗಿದು ರಕ್ತನಾಳ ಹುಡುಕುತ್ತಿದ್ದರು. ಅವರು ತಲೆ ಎತ್ತಲೂ ಇಲ್ಲ.

ಒತ್ತಡ ಇಳಿದ ಮೇಲೆ ಸರ್ ಅವರೇ ಆಪರೇಷನ್ ಮಾಡಿದರು, ಒಂದು ಕುಂದೂ ಇಲ್ಲದಂತೆ. ಪೊರೆ ಹೋಯಿತು, ನೋವು ಹೋಯಿತು. ಪಟ್ಟಿ ಬಿಚ್ಚಿದಾಗ ಕಣ್ಣು ಸ್ಫಟಿಕದಂತೆ ಶುಭ್ರವಾಗಿತ್ತು. ಅದರಲ್ಲಿ ಕಾಣುತ್ತಿದ್ದುದು ಮಾತ್ರ ಒಂದು ಮೂಲೆಯಲ್ಲಿ ಒಂದಿಷ್ಟು ಬೆಳಕು. ಹಿಂದಿನ ನರ ಸತ್ತಿತ್ತು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಪರೀಕ್ಷೆಯ ದಿನ ಚೀಟಿ ಎತ್ತಿ, ನನಗೆ ಬಂದ ನಂಬರಿನ ಪರದೆ ಸರಿಸಿದರೆ ಸ್ಟೂಲಿನ ಮೇಲೆ ಮುನಿಯಮ್ಮ ಕೂತಿದ್ದರು. ಪೊರೆಯ ಕೇಸು ಕೈತಪ್ಪಿದರೂ ಸತ್ತ ನರದ ಕೇಸು ಉಳಿದಿತ್ತಲ್ಲ. ಸರ್ ವ್ಯರ್ಥ ಮಾಡುವವರಲ್ಲ. ನನ್ನ ದನಿ ಗುರುತು ಹಿಡಿದು ಆಕೆ, ಊಟ ಆಯ್ತಾ ಎಂದು ಕೇಳಿದರು.

ರೋಗದ ಕಥೆಯನ್ನು ರೋಗಿಯ ಮಾತಿನಲ್ಲೇ ಬರೆಯಬೇಕು ಎಂಬುದು ನಮ್ಮ ಪರೀಕ್ಷೆಯ ನಿಯಮ. ಸರ್ ಅವರೇ ನೂರು ಸಲ ಹೇಳಿಕೊಟ್ಟದ್ದು. ನಾನು ಹಾಗೇ ಬರೆದೆ. ಪರೀಕ್ಷಕರು ಬೇರೆ ರಾಜ್ಯದವರು, ಕನ್ನಡ ಬಾರದು. ಆಪರೇಷನ್ ಇಷ್ಟು ತಡವಾದದ್ದೇಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪೊರೆ ಹಣ್ಣಾಗುವ ತನಕ ಕಾಯಲು ಡಾಕ್ಟರು ಹೇಳಿದ್ದರು ಎಂದು ಓದಿದೆ. ಅವರು ನಕ್ಕರು. ಈ ಕಾಲದಲ್ಲಿ ಯಾವ ಡಾಕ್ಟರು ಹಾಗೆ ಹೇಳುತ್ತಾರೆ ಎಂದು ಪಕ್ಕದಲ್ಲಿ ನಿಂತಿದ್ದ ಪ್ರಭಾಕರ್ ಸರ್ ಕಡೆ ನೋಡಿದರು. ಹಳ್ಳಿಯ ಜನ, ಎಷ್ಟು ತಿಳಿಹೇಳಿದರೂ ಕಾಯುತ್ತಾರೆ, ಏನು ಮಾಡುವುದು ಎಂದರು ಸರ್. ಆಮೇಲೆ ಮುನಿಯಮ್ಮನ ಹೆಗಲ ಮೇಲೆ ಕೈಯಿಟ್ಟು ಕನ್ನಡದಲ್ಲಿ ಕೇಳಿದರು.

"ಏನಜ್ಜಿ, ಹಣ್ಣಾಗ್ಲಿ ಅಂತ ಕಾಯ್ತಿದ್ದೆ ತಾನೆ?"

"ಊಂ ಕಣಪ್ಪಾ" ಅಂದರು ಮುನಿಯಮ್ಮ. "ಕಾಯ್ತಾನೇ ಇದ್ದೆ."

ತಲೆ ಆಡಿಸಿದ್ದು ಎಲ್ಲರಿಗೂ ಕಂಡಿತು. ಅದಕ್ಕೆ ಅನುವಾದ ಬೇಕಿರಲಿಲ್ಲ. ಡಾಕ್ಟರು ಹೇಳಿದ್ದಕ್ಕೇ ಕಾದದ್ದು ಎಂದು ನಾನು ಇನ್ನೊಂದು ಸಲ ಹೇಳಿದೆ. ಪರೀಕ್ಷಕರು ಆಗಲೇ ನರದ ಬಣ್ಣದ ಪ್ರಶ್ನೆಗೆ ಹೋಗಿದ್ದರು. ಉತ್ತರ ನನಗೆ ಗೊತ್ತಿತ್ತು. ಅದು ಕೆಂಪು ಶಾಯಿಯ ವಿಷಯ, ಮೂರು ಸಲ ಓದಿಸಿದ್ದರು. ನಾನು ಪಾಸಾದೆ. ಸಂಜೆ ಸರ್ ಎಲ್ಲರಿಗೂ ಮೈಸೂರುಪಾಕು ತರಿಸಿ, ನನ್ನ ಪಾಲನ್ನು ತಾವೇ ಮುರಿದು ಬಾಯಿಯ ಹತ್ತಿರ ಹಿಡಿದರು. ನಾನು ಬಾಯಿ ತೆರೆಯಲಿಲ್ಲ. ಸಕ್ಕರೆ ಕಾಯಿಲೆ ಏನೋ ಅಂದು ನಕ್ಕು, ಆ ತುಂಡನ್ನು ತಾವೇ ತಿಂದು ಹೆಬ್ಬೆರಳು ನೆಕ್ಕಿಕೊಂಡರು. ನಾನು ಅವರನ್ನು ಹತ್ತಿರದಿಂದ ನೋಡಿದ್ದು ಅದೇ ಕೊನೆ.

ಅವರು ಹೋದ ಸುದ್ದಿ ಬಂದ ಮೇಲೆ, ಅವರೆಕಾಯಿ ಕಾಲದಲ್ಲಿ, ಬಾಗಲೂರಿಗೆ ಹೋಗಿದ್ದೆ. ಮುನಿಯಮ್ಮ ಜಗುಲಿಯ ಮೇಲೆ ಕೂತು ಬೇಳೆ ಹಿತುಕುತ್ತಿದ್ದರು. ಡಾಕ್ಟರು ತೀರಿಕೊಂಡರು ಎಂದಾಗ ಕೈ ನಿಂತಿತು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು.

"ಆವಪ್ಪ ಫೋನ್ ಮಾಡಿ ಮಾಡಿ ಇಚಾರ್ಸ್ಕೊಂತಿದ್ದ" ಅಂದರು. "ನನ್ ಕಣ್ಣೇ ಸರಿಗ್ ಅಣ್ಣಾಗ್ಲಿಲ್ಲ."

ನೆನಪಿನ ಪುಸ್ತಕದವರು ಇದನ್ನು ಅಚ್ಚು ಹಾಕುವುದಿಲ್ಲ ಎಂದು ಗೊತ್ತು. ನಾನೊಬ್ಬನೇ ಹೇಳುತ್ತಿದ್ದೇನೆ ಎಂದು ಯಾರಿಗಾದರೂ ಅನ್ನಿಸಿದರೆ, ಆ ಸೋಮವಾರ ಆ ಕೋಣೆಯಲ್ಲಿದ್ದು ಎಲ್ಲವನ್ನೂ ನೋಡಿದವರು ಇನ್ನೂ ಇದ್ದಾರೆ. ಆರ್.ಟಿ. ನಗರದಲ್ಲಿ ಕಣ್ಣಿನ ಕ್ಲಿನಿಕ್ ಇಟ್ಟಿರುವ ಡಾಕ್ಟರ್ ಅಮ್ರೀನ್. ನಿವೃತ್ತರಾಗಿ ಶೆಟ್ಟಿಹಳ್ಳಿಯಲ್ಲಿ ಮಗಳ ಜೊತೆಗಿರುವ ಸಿಸ್ಟರ್ ಶೈಲಜಾ. ಬಾಗಲೂರಿನ ಆ ಸೊಸೆ, ರತ್ನ. ಮತ್ತು ಮುನಿಯಮ್ಮ.